ದೂರದರ್ಶಕದ ಫೋಕಸರಿಗೆ ಮೋಟರು: ಕೂರಿಸುವ ಬಗೆ, ಕೈಕೊಟ್ಟಾಗ ತಪ್ಪು ಹುಡುಕುವ ಬಗೆ

ದೂರದರ್ಶಕಕ್ಕೆ ಕ್ಯಾಮೆರಾ ಸಿಕ್ಕಿಸಿ ಚಿತ್ರ ತೆಗೆಯಲು ಹೊರಟವರು ಮೊದಲು ಸೋಲುವುದು ಫೋಕಸಿನ ಮುಂದೆ. ಫೋಕಸರಿನ, ಅಂದರೆ ಕ್ಯಾಮೆರಾ ಹಿಡಿದ ಒಳಗೊಳವೆಯನ್ನು ಹಿಂದೆ ಮುಂದೆ ಸರಿಸುವ ಭಾಗದ, ನಾಬ್ ಮೇಲೆ ಬೆರಳಿಟ್ಟ ಕೂಡಲೇ ಕೊಳವೆ ಅದುರುತ್ತದೆ, ಪರದೆಯ ಮೇಲಿನ ನಕ್ಷತ್ರ ಕುಣಿಯುತ್ತದೆ, ಅದು ನಿಲ್ಲುವವರೆಗೆ ಕಾದು ನೋಡಿದರೆ ಬೇಕಾದ ಜಾಗವನ್ನು ದಾಟಿ ಹೋಗಿರುತ್ತೇವೆ. ಎಫ್/5 (ನಾಭಿದೂರ ಬಾಯಿಯ ವ್ಯಾಸದ ಐದು ಪಟ್ಟು ಇರುವ) ದೂರದರ್ಶಕದಲ್ಲಿ ನಕ್ಷತ್ರ ಚೂಪಾಗಿ ಉಳಿಯುವ ಪಟ್ಟಿ ಹಸಿರು ಬೆಳಕಿಗೆ ಸುಮಾರು 67 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪ. ಎಫ್/10ರಲ್ಲಿ ಅದು ನಾಲ್ಕು ಪಟ್ಟಾಗುತ್ತದೆ. ವೇಗದ, ಅಂದರೆ ಎಫ್ ಸಂಖ್ಯೆ ಚಿಕ್ಕದಾದ, ದೂರದರ್ಶಕ ಇರುವವರಿಗೇ ಮೋಟರಿನ ಅಗತ್ಯ ಹೆಚ್ಚು.

ಮೋಟರು ಕೂರಿಸುವ ಮೊದಲು ಫೋಕಸರನ್ನೇ ಪರೀಕ್ಷಿಸಬೇಕು. ಕ್ಯಾಮೆರಾ ಹಾಕಿ, ದೂರದರ್ಶಕವನ್ನು ನೆತ್ತಿಯತ್ತ ನಿಲ್ಲಿಸಿ, ಒಳಗೊಳವೆಯನ್ನು ತುದಿಯಿಂದ ತುದಿಗೆ ಕೈಯಲ್ಲೇ ಓಡಿಸಿ ನೋಡಿ. ಹಲ್ಲುಪಟ್ಟಿಯ ಫೋಕಸರಾದರೆ ಎಲ್ಲಿಯೂ ಎಡವಬಾರದು. ಇಂಗ್ಲೆಂಡಿನ ಕ್ರೇಫರ್ಡ್ ಖಗೋಳ ಸಂಘದ ಜಾನ್ ವಾಲ್ ರೂಪಿಸಿದ ಕ್ರೇಫರ್ಡ್ ಬಗೆಯಾದರೆ ಅದರಲ್ಲಿ ಹಲ್ಲುಗಳೇ ಇಲ್ಲ. ಉರುಳೆಯ ಒತ್ತಡವೊಂದೇ ಕೊಳವೆಯನ್ನು ಹಿಡಿದಿರುತ್ತದೆ, ಭಾರದ ಕ್ಯಾಮೆರಾ ಇದ್ದರೆ ಜಾರುತ್ತದೆ. ಬಿಗಿತದ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತ, ಜಾರುವುದು ನಿಂತ ಕೂಡಲೇ ಬಿಡಬೇಕು. ಕೈಯಲ್ಲಿ ಜಾರುವುದು ಮೋಟರಿನಲ್ಲೂ ಜಾರುತ್ತದೆ.

ದಪ್ಪ ನಾಬಿನ ಜೊತೆ ನಿಧಾನಕ್ಕೆ ಸರಿಸುವ ಸೂಕ್ಷ್ಮ ನಾಬೂ ಇರುವ ಎರಡು ವೇಗದ ಫೋಕಸರಿನಲ್ಲಿ ಸೂಕ್ಷ್ಮ ನಾಬ್ ಇಲ್ಲದ ಬದಿಯ ದಪ್ಪ ನಾಬನ್ನು ಕಳಚಿ, ಬಯಲಾದ ದಂಡದ ವ್ಯಾಸವನ್ನು ವರ್ನಿಯರಿನಲ್ಲಿ ಅಳೆದು, ಅಷ್ಟೇ ರಂಧ್ರದ ಕಪ್ಲರ್ (ಎರಡು ದಂಡಗಳನ್ನು ಜೋಡಿಸುವ ತುಂಡು) ತರಬೇಕು. ಬ್ರಾಕೆಟ್ಟಿನ ಸ್ಕ್ರೂಗಳನ್ನು ಮೊದಲು ಅರ್ಧ ಮಾತ್ರ ಬಿಗಿಯಿರಿ. ಕಪ್ಲರ್ ಸಿಕ್ಕಿಸಿ, ಮೋಟರಿನ ದಂಡವೂ ಫೋಕಸರಿನ ದಂಡವೂ ಒಂದೇ ಗೆರೆಗೆ ಬಂದು ನಿಂತದ್ದನ್ನು ನೋಡಿ, ಆಮೇಲೆ ಪೂರ್ತಿ ಬಿಗಿಯಿರಿ. ಮೊದಲೇ ಬಿಗಿದರೆ ದಂಡ ವಾರೆಯಾಗಿ, ಪ್ರತಿ ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲ ಎನ್ನುವಂತಾಗುತ್ತದೆ. ಕಪ್ಲರನ್ನು ದಂಡಕ್ಕೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ದಂಡದ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು.

ಈಗ ಲೆಕ್ಕ. ಸ್ಟೆಪರ್ ಎಂದರೆ ಎಣಿಸಬಹುದಾದ ಸಣ್ಣ ಹೆಜ್ಜೆಗಳಲ್ಲಿ ತಿರುಗುವ ಮೋಟರು; ಅಗ್ಗದ 28ಬಿವೈಜೆ-48 ಸ್ಟೆಪರ್ ಅರ್ಧ ಹೆಜ್ಜೆಯ ಕ್ರಮದಲ್ಲಿ ಒಂದು ಸುತ್ತಿಗೆ ಸುಮಾರು 4096 ಹೆಜ್ಜೆ ಹಾಕುತ್ತದೆ. ನಾಬಿನ ಒಂದು ಸುತ್ತಿಗೆ ಒಳಗೊಳವೆ 20 ಮಿ.ಮೀ. ಸರಿಯುವುದಾದರೆ ಒಂದು ಹೆಜ್ಜೆ ಸುಮಾರು 4.9 ಮೈಕ್ರಾನ್. ಎಫ್/5ರ ಪಟ್ಟಿಯೊಳಗೆ ಹದಿಮೂರು ಹೆಜ್ಜೆ ಹಿಡಿಸುತ್ತವೆ, ಇಷ್ಟು ಸಾಕು. ಒಳಗೊಳವೆಯ ಓಟ 80 ಮಿ.ಮೀ. ಇದ್ದರೆ ಒಟ್ಟು 16,384 ಹೆಜ್ಜೆಗಳಾಗುತ್ತವೆ. ಕೊಳವೆಯನ್ನು ಪೂರ್ತಿ ಒಳಗೆ ತಳ್ಳಿದ ಸ್ಥಾನವನ್ನು ಮೋಟರು ನಡೆಸುವ ಸಾಫ್ಟ್‌ವೇರಿನಲ್ಲಿ ಸೊನ್ನೆಯೆಂದು ದಾಖಲಿಸಿ, ಗರಿಷ್ಠ ಮಿತಿಯನ್ನು 16,000ಕ್ಕೆ ನಿಲ್ಲಿಸಿ. ಮಿತಿ ಹಾಕದೆ ಬಿಟ್ಟರೆ ಮೋಟರು ಕೊಳವೆಯನ್ನು ತುದಿಗೆ ಗುದ್ದುತ್ತದೆ, ಈ ಮೋಟರಿನ ಸಣ್ಣ ಗೇರುಹಲ್ಲುಗಳಿಗೆ ಅದನ್ನು ತಾಳುವ ಶಕ್ತಿಯಿಲ್ಲ. ಮೋಟರು ಜೋಡಿಸಿದ ಮೇಲೆ ಎದುರಿನ ನಾಬನ್ನು ಕೈಯಲ್ಲಿ ಬಲವಂತವಾಗಿ ತಿರುಗಿಸಬಾರದೆನ್ನುವುದಕ್ಕೂ ಇದೇ ಕಾರಣ.

ಕೆಲಸ ಕೆಟ್ಟಾಗ ಎಲ್ಲರೂ ಮೊದಲು ಸಂಶಯಿಸುವುದು ಸಾಫ್ಟ್‌ವೇರನ್ನು, ಆಮೇಲೆ ಮೋಟರಿಗೆ ಆಜ್ಞೆ ಕೊಡುವ ಕಂಟ್ರೋಲರನ್ನು. ಕಾರವಾರದ ಕೋಡಿಬಾಗದಲ್ಲಿ ನಮ್ಮ ತಾರಸಿಯ ಮೇಲೆ ನಾನೂ ಮೂರು ರಾತ್ರಿ ಹಾಗೆಯೇ ಕಳೆದೆ. ಪರದೆಯ ಮೇಲೆ ಅಂಕಿ ಓಡುತ್ತಿತ್ತು, ಮೋಟರಿನ ಸದ್ದೂ ಕೇಳುತ್ತಿತ್ತು, ಲುಬ್ಧಕ ಮಾತ್ರ ಉಬ್ಬಿದ ಬಿಳಿ ಬಿಲ್ಲೆಯಾಗಿಯೇ ಉಳಿದಿತ್ತು. ನಾಲ್ಕನೆಯ ಸಂಜೆ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಉಳಿದ ನಾಬಿಗೆ ಟೇಪಿನಿಂದ ಅಂಟಿಸಿ, ಅದರ ತುದಿಯ ಹಿಂದೆ ಗೆರೆ ಕಾಗದ ನಿಲ್ಲಿಸಿದೆ. ಮೋಟರು ಓಡಿತು, ಕಡ್ಡಿ ಅಲ್ಲಾಡಲಿಲ್ಲ. ಗ್ರಬ್ ಸ್ಕ್ರೂ ಚಪ್ಪಟೆ ಭಾಗವನ್ನು ಬಿಟ್ಟು ದುಂಡು ಮೈಯ ಮೇಲೆ ಕೂತಿತ್ತು. ಅದನ್ನು ಹಾಗೆ ಕೂರಿಸಿದವನು ನಾನೇ.

ಅಂದಿನಿಂದ ಕಡ್ಡಿಯೇ ನನ್ನ ಮೊದಲ ಉಪಕರಣ. ಕಡ್ಡಿ ಹತ್ತು ಸೆಂಟಿಮೀಟರ್ ಉದ್ದವಿದ್ದರೆ ಹತ್ತು ಹೆಜ್ಜೆಗೆ ಅದರ ತುದಿ ಒಂದೂವರೆ ಮಿ.ಮೀ. ಚಲಿಸುತ್ತದೆ, ಬರಿಗಣ್ಣಿಗೆ ಕಾಣುತ್ತದೆ. ಸದ್ದಿದ್ದೂ ಕಡ್ಡಿ ನಿಂತಿದ್ದರೆ ತಪ್ಪು ಕಪ್ಲರಿನಲ್ಲಿದೆ, ಇಲ್ಲವೆ ಮೋಟರಿನ ಗೇರು ಮುರಿದಿದೆ. ಕಡ್ಡಿ ತಿರುಗಿಯೂ ಒಳಗೊಳವೆಯ ಅಳತೆ ಬದಲಾಗದಿದ್ದರೆ ಉರುಳೆ ಜಾರುತ್ತಿದೆ, ಇಲ್ಲವೆ ಬೀಗದ ಸ್ಕ್ರೂ ಬಿಗಿದೇ ಇದೆ. ಎರಡನೆಯದು ನಗೆಪಾಟಲಿನ ತಪ್ಪು, ಆದರೆ ಎಲ್ಲರಿಂದಲೂ ಆಗುವಂಥದ್ದು. ಮೋಟರು ನಿಂತಲ್ಲೇ ನಡುಗಿ ತಿರುಗದಿದ್ದರೆ ಒಂದು ಸುರುಳಿಗೆ ವಿದ್ಯುತ್ ತಲುಪುತ್ತಿಲ್ಲ. ಕರಾವಳಿಯಲ್ಲಿ ಮೊದಲು ಕನೆಕ್ಟರ್ ಬಿಚ್ಚಿ ನೋಡಬೇಕು: ಉಪ್ಪುಗಾಳಿಗೆ ಪಿನ್ನುಗಳು ಹಸಿರು ಹಿಡಿದಿರುತ್ತವೆ. ಪಿನ್ನು ಶುದ್ಧವಾಗಿದ್ದರೆ ತಂತಿಯ ಕಡೆ ನೋಡಿ. ಉದ್ದದ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದರೆ ಮೋಟರು ಬರೇ ಗುಂಯ್‌ಗುಟ್ಟುತ್ತದೆ.

ಇನ್ನು ಗೇರಿನ ಸಡಿಲ. ಒಂದು ದಿಕ್ಕಿನಲ್ಲಿ ನೂರು ಹೆಜ್ಜೆ ಓಡಿಸಿ ನಿಲ್ಲಿಸಿ, ಹಿಂದಕ್ಕೆ ಐದೈದೇ ಹೆಜ್ಜೆ ಹಾಕುತ್ತ, ಕಡ್ಡಿ ಮೊದಲ ಬಾರಿ ಕದಲುವವರೆಗೆ ಎಣಿಸಿದರೆ ಮೋಟರು ಮತ್ತು ಕಪ್ಲರಿನ ಸಡಿಲದ ಅಳತೆ ಸಿಗುತ್ತದೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಎರಡು ಪರಿಹಾರಗಳಿವೆ. ಎಣಿಸಿದ ಸಂಖ್ಯೆಯನ್ನು ದಿಕ್ಕು ಬದಲಾದಾಗಲೆಲ್ಲ ಕೂಡಿಸುವುದು ಒಂದು. ಗುರಿಯನ್ನು ಬೇಕೆಂದೇ ದಾಟಿಹೋಗಿ ಪ್ರತಿ ಸಲವೂ ಒಂದೇ ದಿಕ್ಕಿನಿಂದ ಮರಳುವುದು ಇನ್ನೊಂದು. ನಾನು ಎರಡನೆಯದನ್ನೇ ಹಾಕಿಕೊಂಡಿದ್ದೇನೆ, ಏಕೆಂದರೆ ಅದರಲ್ಲಿ ಅಳತೆ ಸ್ವಲ್ಪ ತಪ್ಪಿದ್ದರೂ ನಡೆಯುತ್ತದೆ. ಮಸೂರದ ದೂರದರ್ಶಕದಲ್ಲಿ ಕೊನೆಯ ಚಲನೆ ಒಳಮುಖವಾಗಿರಲಿ. ಆಗ ಮೋಟರು ಕ್ಯಾಮೆರಾದ ಭಾರವನ್ನು ಎತ್ತುತ್ತಿರುತ್ತದೆ, ಹಲ್ಲುಗಳು ಒಂದೇ ಮಗ್ಗುಲಿಗೆ ಒತ್ತಿ ನಿಲ್ಲುತ್ತವೆ.

ಮೊದಲ ಫೋಕಸನ್ನು ದೂರದರ್ಶಕದ ಬಾಯಿಗೆ ಇಡುವ ಸೀಳುಗಳ ಫಲಕವಾದ ಬಹ್ತಿನೋವ್ ಜಾಲರಿಯಿಂದ ಮಾಡುವುದು ಸುಲಭ. ರಷ್ಯಾದ ಹವ್ಯಾಸಿ ಪಾವೆಲ್ ಬಹ್ತಿನೋವ್ 2005ರಲ್ಲಿ ರೂಪಿಸಿದ ಈ ಜಾಲರಿ ನಕ್ಷತ್ರಕ್ಕೆ ಮೂರು ಗೆರೆ ಮೂಡಿಸುತ್ತದೆ, ನಡುವಿನ ಗೆರೆ ಉಳಿದೆರಡು ಒಂದನ್ನೊಂದು ಕತ್ತರಿಸುವ ಜಾಗದ ನಟ್ಟನಡುವೆ ಬಂದಾಗ ಫೋಕಸ್ ಸರಿ. ಆ ಹೆಜ್ಜೆಯ ಸಂಖ್ಯೆಯನ್ನು ಉಷ್ಣತೆಯ ಜೊತೆ ಬರೆದಿಡಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಕುಗ್ಗುವುದರಿಂದ, ಅರ್ಧ ಮೀಟರಿನ ಕೊಳವೆ ಹತ್ತು ಡಿಗ್ರಿ ತಣಿದರೆ 115 ಮೈಕ್ರಾನ್ ಗಿಡ್ಡವಾಗುತ್ತದೆ. ಕಡಲ ಬದಿಯ ರಾತ್ರಿಗಳಲ್ಲಿ ಉಷ್ಣತೆ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಇದೇ ದೂರದರ್ಶಕವನ್ನು ಜನವರಿಯಲ್ಲಿ ಘಟ್ಟ ಹತ್ತಿಸಿ ಶಿರಸಿಯ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಲ್ಲಿಸಿದರೆ ಗಂಟೆಗೊಮ್ಮೆ ಫೋಕಸ್ ನೋಡಲೇಬೇಕಾಗುತ್ತದೆ.

ಮಳೆಗಾಲ ಹಿಡಿಯುವ ಮುಂಚೆ ಮೋಟರನ್ನು ಕಳಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಬ್ರಾಕೆಟ್ಟಿನ ಜೊತೆ ಬರುವ ಕಬ್ಬಿಣದ ಸ್ಕ್ರೂಗಳನ್ನು ಮೊದಲ ದಿನವೇ ಸ್ಟೇನ್‌ಲೆಸ್ ಸ್ಕ್ರೂಗಳಿಗೆ ಬದಲಾಯಿಸಿ. ನನ್ನವು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು, ಬಿಚ್ಚಲು ಹೋದಾಗ ತಲೆ ಕಿತ್ತು ಕೈಗೆ ಬಂದಿದ್ದವು.