ಒಂದು ವೇಫರ್, ನಾಲ್ಕು ಕಾಲೇಜು: ನನ್ನ ಅನುಭವ

ಪದವಿ ಕಾಲೇಜಿನಲ್ಲಿ ಕುಳಿತು ನ್ಯಾನೋ ಅನಿಲ ಸಂವೇದಕ ಮಾಡುತ್ತೇವೆ ಎಂದಾಗ ಕೆಲವರು ನಕ್ಕರು. ನಾಲ್ಕು ಕಾಲೇಜು ಸೇರಿ ಮಾಡುತ್ತೇವೆ ಎಂದಾಗ ಉಳಿದವರೂ ನಕ್ಕರು. ‘ನಾಲ್ಕು ಕಾಲೇಜು ಸೇರಿದರೆ ಸಭೆ ನಾಲ್ಕು ಪಟ್ಟು, ಕೆಲಸ ಕಾಲು ಪಾಲು’ ಎಂದು ಹಿರಿಯ ಪ್ರಾಧ್ಯಾಪಕರೊಬ್ಬರು ಮುಖಕ್ಕೇ ಹೇಳಿದ್ದರು. ಈಗ ಹಾವೇರಿ–ದಾವಣಗೆರೆ ಕಡೆಯ ನಾಲ್ಕು ಪ್ರಯೋಗಾಲಯಗಳಲ್ಲಿ ನಮ್ಮ ಚಿಪ್‌ಗಳು ಹೆಚ್ಚುಕಡಿಮೆ ಒಂದೇ ಲೆಕ್ಕ ಕೊಡುತ್ತಿವೆ. ಅದೇ ಪ್ರಾಧ್ಯಾಪಕರು ಕಳೆದ ಸೆಮಿಸ್ಟರ್‌ನಲ್ಲಿ ತಮ್ಮ ವಿದ್ಯಾರ್ಥಿನಿಗಾಗಿ ಎರಡು ಚಿಪ್ ಕೇಳಿ ಪಡೆದರು. ಹಾಗಾಗಿ ಇನ್ನು ಬರೆಯಬಹುದು ಅನ್ನಿಸಿತು.

ನಮ್ಮಂಥವರ ಅನುದಾನದ ಅರ್ಜಿಗಳ ಗತಿ ನಿಮಗೆ ಗೊತ್ತೇ ಇದೆ. ಸಂಶೋಧನೆಗೆ ಹಣ ಕೇಳಿದರೆ ಉಪಕರಣವಿಲ್ಲ ಎನ್ನುತ್ತಾರೆ, ಉಪಕರಣಕ್ಕೆ ಕೇಳಿದರೆ ಸಂಶೋಧನೆಯ ಹಿನ್ನೆಲೆಯಿಲ್ಲ ಎನ್ನುತ್ತಾರೆ. ಮೊದಲ ಎರಡು ವರ್ಷ ನಾನೂ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರೂ ಇದ್ದುದರಲ್ಲೇ ಹೆಣಗಿದೆವು. ತೆಳು ಉಕ್ಕಿನ ತಗಡಿನಲ್ಲಿ ಸೀಳು ಕೊರೆಸಿ, ಅದನ್ನು ಗಾಜಿನ ಮೇಲಿಟ್ಟು, ಬೇರೊಂದು ಕಡೆ ಬಾಡಿಗೆಗೆ ಚಿನ್ನದ ವಿದ್ಯುದ್ವಾರ ಲೇಪಿಸಿಕೊಂಡು ಬಂದೆವು. ತಗಡಿಗೂ ಲೇಪನಕ್ಕೂ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಎರಡು ವಿದ್ಯುದ್ವಾರಗಳ ನಡುವಿನ ಅಂತರ ಇನ್ನೂರು ಮೈಕ್ರಾನ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಅನಿಲ ಸೋಕಿದರೆ ರೋಧ ಬದಲಾಗುವ ಸತುವಿನ ಆಕ್ಸೈಡ್ ಕಡ್ಡಿಗಳು ಚೆನ್ನಾಗಿ ಬೆಳೆದಿದ್ದರೂ ರೋಧ ಎಷ್ಟಿತ್ತೆಂದರೆ ನಮ್ಮ ಮೀಟರ್ ಏನನ್ನೂ ತೋರಿಸುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ನಿರ್ವಾತ ಪಂಪು ಒಂದನ್ನು ನಲವತ್ತು ಸಾವಿರ ಕೊಟ್ಟು ತಂದೆವು. ಅದು ಈಗಲೂ ಮೂಲೆಯಲ್ಲಿ ಎಣ್ಣೆ ಸೋರುತ್ತಾ ನಿಂತಿದೆ.

ದಾರಿ ತೆರೆದದ್ದು ಐಎನ್‌ಯುಪಿಯಿಂದ (ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ). ಹೊರಗಿನ ಕಾಲೇಜುಗಳವರಿಗೂ ನ್ಯಾನೋ ತಯಾರಿಕಾ ಸೌಲಭ್ಯ ಸಿಗಲಿ ಎಂದು ಕೇಂದ್ರ ಸರ್ಕಾರ 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯಲ್ಲಿ ಆರಂಭಿಸಿದ ಯೋಜನೆ ಅದು. ನಂತರ ಇನ್ನಷ್ಟು ಐಐಟಿಗಳೂ ಸೇರಿವೆ. ಮೊದಲು ಪರಿಚಯ ಕಾರ್ಯಾಗಾರ, ಆಮೇಲೆ ಕೈಯಾರೆ ಮಾಡುವ ತರಬೇತಿ, ಆಮೇಲೆ ಯೋಜನಾ ಪ್ರಸ್ತಾವ. ನಮ್ಮವರಲ್ಲಿ ಬಹಳ ಮಂದಿ ಕಾರ್ಯಾಗಾರ ಮುಗಿಸಿ, ಪ್ರಮಾಣಪತ್ರವನ್ನು ಬಡ್ತಿಯ ಕಡತಕ್ಕೆ ಸೇರಿಸಿ, ಅಲ್ಲಿಗೇ ನಿಲ್ಲಿಸುತ್ತಾರೆ. ಪ್ರಸ್ತಾವ ಬರೆದವರಲ್ಲೂ ಹೆಚ್ಚಿನವರು ಬೀಜ ಪದರದಿಂದ (ಕಡ್ಡಿ ಮೊಳೆಯುವ ತೆಳು ಲೇಪ) ಹಿಡಿದು ಕೊನೆಯ ಅಳತೆಯವರೆಗೆ ಎಲ್ಲವನ್ನೂ ಅಲ್ಲಿನ ಧೂಳಿಲ್ಲದ ಕ್ಲೀನ್‌ರೂಮ್‌ನಲ್ಲೇ ಮಾಡುತ್ತೇವೆ ಎಂದು ಬರೆಯುತ್ತಾರೆ. ನಾವು ಅಲ್ಲೇ ಬೇರೆ ದಾರಿ ಹಿಡಿದೆವು. ಊರಿನಲ್ಲಿ ಆಗದ್ದು ಒಂದೇ, ಹತ್ತು ಮೈಕ್ರಾನ್ ಅಂತರದಲ್ಲಿ ಬಾಚಣಿಗೆಯ ಹಲ್ಲಿನಂತೆ ಹೆಣೆದ ವಿದ್ಯುದ್ವಾರ. ಅಷ್ಟನ್ನೇ ಕೇಳಿದೆವು. ಕಡ್ಡಿ ಬೆಳೆಸುವುದು, ಕಾಯಿಸುವುದು, ಅಳೆಯುವುದು ಎಲ್ಲ ನಮ್ಮಲ್ಲೇ. ಹೇಗೂ ಸತು ಸೋಕಿದ ಚೂರನ್ನು ಅಲ್ಲಿನ ನಿರ್ವಾತ ಕೋಣೆಯೊಳಗೆ ಬಿಡುವುದು ಕಷ್ಟ. ಬಿಸಿಗೆ ಸತು ಬೇಗ ಆವಿಯಾಗಿ ಒಳಗೋಡೆಗೆ ಹತ್ತಿದರೆ ಮುಂದಿನವರ ಕೆಲಸವೆಲ್ಲ ಹಾಳು.

ನಾಲ್ಕಿಂಚಿನ ಒಂದು ವೇಫರ್‌ನಿಂದ (ಸಿಲಿಕಾನ್‌ನ ತೆಳು ದುಂಡು ಬಿಲ್ಲೆ), ಅಂಚು ಬಿಟ್ಟು, ಸೆಂಟಿಮೀಟರ್ ಚೌಕದ ಐವತ್ತರ ಆಸುಪಾಸು ಚೂರು ಸಿಗುತ್ತವೆ. ಒಂದು ಕಾಲೇಜಿಗೆ ಅಷ್ಟೊಂದು ಏಕೆ? ಒಂದೇ ವೇಫರ್‌ನಲ್ಲಿ ಹಲವರ ವಿನ್ಯಾಸ ಹಾಕುವುದು ಹೊಸದೇನಲ್ಲ, ಅಮೆರಿಕದ ಮೋಸಿಸ್ ಎಂಬ ಸೇವೆ 1981ರಿಂದ ಚಿಪ್‌ಗಳಲ್ಲಿ ಅದನ್ನೇ ಮಾಡಿದೆ. ನಾವು ನಾಲ್ಕು ಕಾಲೇಜಿನವರು ಒಂದು ಮಾಸ್ಕ್ (ವೇಫರ್ ಮೇಲೆ ವಿನ್ಯಾಸ ಮೂಡಿಸುವ ಅಚ್ಚು) ಹಂಚಿಕೊಂಡೆವು. ಜಗಳ ಹುಟ್ಟಿದ್ದು ಜಾಗದ ಮೇಲೆ. ಅಂಚಿನ ಚೂರುಗಳಲ್ಲಿ ಲಿಫ್ಟ್‌ಆಫ್ (ಬೇಡದ ಲೋಹ ಕಳಚುವ ಹಂತ) ಸರಿಯಾಗದೆ ಲೋಹದ ಚೂಪು ಎದ್ದು ನಿಲ್ಲುತ್ತದೆ, ಹಾಗಾಗಿ ಎಲ್ಲರಿಗೂ ನಡುವೆಯೇ ಬೇಕು. ವೇಫರ್ ಅನ್ನು ನಾಲ್ಕು ಹೋಳು ಮಾಡೋಣ ಎಂದರು ಒಬ್ಬರು. ನಾನು ಒಪ್ಪಲಿಲ್ಲ. ಒಂದೊಂದು ಚೌಕವನ್ನೂ ಸರದಿಯಂತೆ ನಾಲ್ಕು ಕಾಲೇಜಿಗೆ ಹಂಚಿದೆ. ಎಲ್ಲರಿಗೂ ಒಂದಿಷ್ಟು ನಡುವಿನದು, ಒಂದಿಷ್ಟು ಅಂಚಿನದು. ಈ ಜೋಡಣೆ ನನ್ನದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದು ಮುಂದೆ ಏಕೆ ಬೆಲೆಬಾಳಿತು ಎಂಬುದು ಕೆಳಗಿದೆ.

ಮೊದಲ ವೇಫರ್ ಬಹುಪಾಲು ನೀರುಪಾಲು. ಕ್ರೋಮಿಯಂ ಮೇಲೆ ಚಿನ್ನ ಹಾಕಿಸಿದ್ದೆವು. ಬೀಜ ಪದರವನ್ನು 350 ಡಿಗ್ರಿಗೆ ಕಾಯಿಸಿದಾಗ ಕ್ರೋಮಿಯಂ ಚಿನ್ನದ ಕಣಗಳ ಸಂದಿನಲ್ಲಿ ಮೇಲೆ ಹತ್ತಿ ಆಕ್ಸೈಡ್ ಆಗುತ್ತದೆ. ಬೆಳ್ಳಿ ಪೇಸ್ಟ್ ಹಚ್ಚಿದರೆ ಒಂದು ದಿನ ಸಂಪರ್ಕ ಇರುತ್ತಿತ್ತು, ಮರುದಿನ ಇಲ್ಲ. ಎರಡನೆಯ ವೇಫರ್‌ಗೆ ಟೈಟಾನಿಯಂ ಮೇಲೆ ಪ್ಲಾಟಿನಂ ಹಾಕಿಸಿದೆವು, ಆ ತಂಟೆ ತಪ್ಪಿತು. ಕತ್ತರಿಸುವ ಮುನ್ನ ಮೇಲೆ ರೆಸಿಸ್ಟ್ ಎಂಬ ರಕ್ಷಕ ಲೇಪ ಬಳಿಸಿ, ಆಮೇಲೆ ಅಸಿಟೋನ್‌ನಲ್ಲಿ ತೊಳೆದರೆ ಸಿಲಿಕಾನ್ ಪುಡಿ ಅಂಟುವುದಿಲ್ಲ. ಒಂದು ಸಲ ಕೊರಿಯರ್‌ನಲ್ಲಿ ಕಳಿಸಿದ ಚೂರುಗಳು ಅರ್ಧಕ್ಕರ್ಧ ಒಡೆದು ಬಂದವು. ಅಲ್ಲಿಂದ ಮುಂದೆ ಯಾರಾದರೊಬ್ಬರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಕೈಯಲ್ಲೇ ತರುತ್ತೇವೆ.

ಬೆಳೆಸುವ ವಿಧಾನ ಎಲ್ಲರಿಗೂ ತಿಳಿದದ್ದೇ. ಸತುವಿನ ನೈಟ್ರೇಟ್, ಹೆಕ್ಸಮೀನ್, ಸಮಪ್ರಮಾಣ, 25 ಮಿಲಿಮೋಲಾರ್ ಆಸುಪಾಸು, 90 ಡಿಗ್ರಿ, ನಾಲ್ಕು ತಾಸು, ಚೂರಿನ ಮುಖ ಕೆಳಗೆ. ಈ ಬಿಸಿಗೆ ಆಟೋಕ್ಲೇವ್ (ಒತ್ತಡ ತಡೆಯುವ ಪಾತ್ರೆ) ಬೇಕೇ ಇಲ್ಲ. ತಿರುಪು ಮುಚ್ಚಳದ ಗಾಜಿನ ಬಾಟಲಿ, ಲ್ಯಾಬಿನ ಒಲೆ ಸಾಕು. ತೊಡಕಿರುವುದು ಪ್ಯಾಡ್‌ಗಳ (ತಂತಿ ಜೋಡಿಸುವ ಜಾಗ) ಮೇಲೆ ಕಡ್ಡಿ ಬೆಳೆಯದಂತೆ ನೋಡಿಕೊಳ್ಳುವುದರಲ್ಲಿ. ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ನಮ್ಮಲ್ಲಿ ಬಿಸಿನೀರಿನಲ್ಲಿ ಅಂಚು ಬಿಡುತ್ತಿತ್ತು. ಈಗ ಬೇರೊಂದನ್ನು ಬಳಿಯುತ್ತೇವೆ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಅದು ಯಾವುದು ಎಂಬುದು ಪ್ರಬಂಧ ಅಚ್ಚಾಗುವವರೆಗೆ ನಮ್ಮಲ್ಲೇ ಇರಲಿ.

ನಾಲ್ಕು ಕಾಲೇಜಿನಲ್ಲಿ ಒಂದೇ ಪಾಕ. ಮೂರು ಕಡೆ ಕಡ್ಡಿ ಬಂತು, ನಾಲ್ಕನೆಯ ಕಡೆ ಹಾಳೆ. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಷಟ್ಕೋನದ ತೆಳು ಬಿಲ್ಲೆಗಳು ಅಡ್ಡಾದಿಡ್ಡಿ ಒರಗಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾಡಿಸಿದ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ), ನಮ್ಮ ಚೂರುಗಳಲ್ಲಿ ಕಡ್ಡಿ ನೆಟ್ಟಗೆ ನಿಂತದ್ದರ ಗುರುತಾಗಿ 34.4 ಡಿಗ್ರಿಗೆ ಸೆಟೆದು ನಿಲ್ಲುವ ಶಿಖರ ಅವರದರಲ್ಲಿ ಕುಗ್ಗಿತ್ತು. ಮೊದಲು ರಾಸಾಯನಿಕ ಬದಲಿಸಿದೆವು. ಒಲೆಯ ಬಿಸಿ ಅಳೆದೆವು. ಅಲ್ಲಿನ ಮೇಡಂ ನೊಂದುಕೊಂಡು, ‘ನಮ್ಮನ್ನು ಬಿಟ್ಟುಬಿಡಿ ಸರ್’ ಎಂದರು. ಇನ್ನೊಬ್ಬರು, ಅವರ ಪಾಲಿಗೆ ಬಂದದ್ದೇ ಕೆಟ್ಟ ಚೂರುಗಳಿರಬೇಕು ಎಂದರು. ಆ ಮಾತಿಗೆ ಜಾಗವಿರಲಿಲ್ಲ, ಏಕೆಂದರೆ ಅವರ ಚೂರಿನ ಅಕ್ಕಪಕ್ಕದವೇ ನಮ್ಮಲ್ಲಿದ್ದವು, ಅವುಗಳಲ್ಲಿ ಕಡ್ಡಿ ಬಂದಿತ್ತು. ಉಳಿದದ್ದು ನೀರು. ನಮ್ಮಲ್ಲಿ ಕೊಳವೆಬಾವಿ ನೀರನ್ನು ಎರಡು ಬಾರಿ ಬಟ್ಟಿ ಇಳಿಸುತ್ತೇವೆ. ಅವರ ಬಟ್ಟಿ ಯಂತ್ರ ಕೆಟ್ಟು, ಅಂಗಡಿಯಿಂದ ಬ್ಯಾಟರಿ ನೀರಿನ ಕ್ಯಾನ್ ತರಿಸುತ್ತಿದ್ದರು. ಒಂದು ಹನಿ ಬೆಳ್ಳಿಯ ನೈಟ್ರೇಟ್ ಬಿಟ್ಟಾಗ ಹಾಲಿನಂತೆ ಬೆಳ್ಳಗಾಯಿತು: ಕ್ಲೋರೈಡ್. ಕಡ್ಡಿಯ ತುದಿಗೆ ಕ್ಲೋರೈಡ್ ಕೂತರೆ ಅದು ಉದ್ದಕ್ಕೆ ಬೆಳೆಯದೆ ಅಗಲಕ್ಕೆ ಹರಡುತ್ತದೆ. ನಮ್ಮ ನೀರಿನ ಕ್ಯಾನ್ ಬಸ್ಸಿನಲ್ಲಿ ಹೋಯಿತು, ಮುಂದಿನ ವಾರ ಅವರಲ್ಲೂ ಕಡ್ಡಿ ಎದ್ದವು. ಒಂದೇ ಕಾಲೇಜು ಮಾಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಊರಿನಲ್ಲಿ ಬರುವುದೇ ಹಾಳೆ ಎಂದು ಅವರೊಂದು ಪ್ರಬಂಧ ಬರೆದು ಮುಗಿಸುತ್ತಿದ್ದರು!

ನಡುವೆ ಹುಡುಗರ ಉತ್ಸಾಹಕ್ಕೆ ಒಂದು ಪ್ರಯೋಗ. ಬ್ಯಾಡಗಿ ಪಕ್ಕದಲ್ಲೇ ಇರುವಾಗ ಮೆಣಸಿನಕಾಯಿಯ ಖಾರ ಅಳೆಯಬಾರದೇಕೆ ಎಂದರು. ಖಾರದ ಅಂಶ ಆವಿಯಾಗುವ ಜಾತಿಯದಲ್ಲ ಎಂದು ಹೇಳಿದರೂ ಕೇಳಲಿಲ್ಲ. ಕಾಯಿ ತುಂಬಿದ ಡಬ್ಬಿಯಲ್ಲಿ ಚಿಪ್ ಇಟ್ಟರು, ಸಂಕೇತವೂ ಬಂತು, ಕುಣಿದರು. ಅದೇ ಕಾಯಿಯನ್ನು ಬಿಸಿಲಿಗೆ ಒಣಗಿಸಿ ಇಟ್ಟಾಗ ಸಂಕೇತ ಹೋಯಿತು. ಅಳೆದದ್ದು ತೇವವನ್ನು. ಶೀತಲಗೃಹದವರಿಗೆ ಅದೂ ಬೇಕಾದ ಲೆಕ್ಕವೇ ಇರಬಹುದು, ಒಬ್ಬ ಹುಡುಗ ಇನ್ನೂ ಅದರ ಬೆನ್ನು ಹತ್ತಿದ್ದಾನೆ.

ಫಲಿತಾಂಶ ಇಷ್ಟು: 300 ಡಿಗ್ರಿ ಆಸುಪಾಸಿನಲ್ಲಿ, 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಪಾಲು) ಎಥನಾಲ್‌ಗೆ ರೋಧ ಎಂಟು-ಹತ್ತು ಪಟ್ಟು ಇಳಿಯುತ್ತದೆ. ನಾಲ್ಕು ಊರುಗಳ ನಡುವಿನ ವ್ಯತ್ಯಾಸ ಶೇಕಡ ಹದಿನೈದರೊಳಗೆ. ಜಗತ್ತು ಬೆರಗಾಗುವ ಅಂಕಿ ಅದಲ್ಲ. ಆದರೆ ನಾಲ್ಕು ಜಾಗದಲ್ಲಿ ಒಂದೇ ಅಂಕಿ ಬರುವುದು ದೊಡ್ಡ ಲ್ಯಾಬ್‌ಗಳಲ್ಲೂ ಸುಲಭವಲ್ಲ. ಮಳೆಗಾಲದಲ್ಲಿ ಮಾತ್ರ ತಳರೇಖೆ (ಅನಿಲ ಇಲ್ಲದಾಗಿನ ಅಳತೆ) ಇನ್ನೂ ಅಲುಗುತ್ತದೆ.

ಖರ್ಚು: ತಯಾರಿಕೆಗೆ ಯೋಜನೆಯಡಿ ನಮ್ಮಿಂದ ಹಣ ಪಡೆಯಲಿಲ್ಲ. ರೈಲು, ವಸತಿ, ರಾಸಾಯನಿಕ, ಎಸ್‌ಇಎಂ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷದ ಹತ್ತಿರ, ತಲಾ ಇಪ್ಪತ್ತೈದು ಸಾವಿರ. ಎರಡು ಕಾಲೇಜುಗಳು ಕೊಟ್ಟವು, ಇನ್ನೆರಡರಲ್ಲಿ ಮೇಷ್ಟ್ರುಗಳ ಜೇಬು. ಹಣಕ್ಕಿಂತ ಹೆಚ್ಚು ತಲೆ ತಿಂದದ್ದು ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬುದು. ಅಳತೆ ತೆಗೆದ ವಿದ್ಯಾರ್ಥಿಯ ಹೆಸರು ಮೊದಲು, ಮೇಷ್ಟ್ರುಗಳು ಸರದಿಯಲ್ಲಿ ಎಂದು ಮೊದಲ ವೇಫರ್ ಬರುವ ಮುನ್ನವೇ ಕಾಗದದಲ್ಲಿ ಬರೆದು ಸಹಿ ಹಾಕಿಸಿದ್ದರಿಂದ ಉಳಿದೆವು.

ಮುಂದಿನ ಮಾಸ್ಕ್‌ನಲ್ಲಿ ಐದನೆಯ ಕಾಲೇಜಿಗೂ ಜಾಗ ಮಾಡಿದ್ದೇವೆ. ಬರುವವರಲ್ಲಿ ಒಲೆ, ಬಟ್ಟಿ ಯಂತ್ರ ಮತ್ತು ವಾರಕ್ಕೆ ಎರಡು ಮಧ್ಯಾಹ್ನ ಕೊಡುವ ಒಬ್ಬ ವಿದ್ಯಾರ್ಥಿ ಇರಬೇಕು. ಸೇರುವ ಮೊದಲು ಒಂದು ಲೀಟರ್ ನೀರು ಕಳಿಸಬೇಕು.