ಲೋಕಾಯುಕ್ತಕ್ಕೆ ದೂರು ಬರೆಯುವುದು ಹೇಗೆ?

ಹಾಸನ ಜಿಲ್ಲೆಯ ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ, ಲೋಕಾಯುಕ್ತಕ್ಕೆಂದು ಸಿದ್ಧವಾಗುತ್ತಿರುವ ಒಂದಾದರೂ ದೂರು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಸಿಟ್ಟು ಇರುತ್ತದೆ, ‘ಲಂಚಕೋರ’, ‘ಜನವಿರೋಧಿ’ ಎಂಬ ವಿಶೇಷಣಗಳು ಇರುತ್ತವೆ, ಮುಖ್ಯಮಂತ್ರಿಯಿಂದ ಹಿಡಿದು ಜಿಲ್ಲಾಧಿಕಾರಿಯವರೆಗೆ ಪ್ರತಿ ಕಳುಹಿಸಿರುವವರ ಉದ್ದನೆಯ ಪಟ್ಟಿಯೂ ಇರುತ್ತದೆ. ಯಾವ ನೌಕರ, ಯಾವ ದಿನ, ಯಾವ ಕಡತದಲ್ಲಿ, ಏನು ಮಾಡಿದ ಎಂಬುದೊಂದು ಮಾತ್ರ ಇರುವುದಿಲ್ಲ. ಇಂತಹ ದೂರು ‘ಮುಕ್ತಾಯಗೊಳಿಸಲಾಗಿದೆ’ ಎಂಬ ಹಿಂಬರಹದೊಂದಿಗೆ ಕೊನೆಗೊಂಡಾಗ, ಎಲ್ಲರೂ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದು ದೂರುದಾರರು ತೀರ್ಮಾನಿಸುತ್ತಾರೆ. ನಾನು ಓದಿರುವ ಇಂತಹ ಹಲವು ದೂರುಗಳು ಬಿದ್ದುಹೋದದ್ದು ಬರವಣಿಗೆಯ ದೋಷದಿಂದ.

ಸಂಸ್ಥೆಯ ಪರಿಚಯ ಚುಟುಕಾಗಿ ಸಾಕು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ 1986ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆಗೆ ಎರಡು ಕೈಗಳಿವೆ. ನ್ಯಾಯಮೂರ್ತಿಗಳಾಗಿದ್ದ ಲೋಕಾಯುಕ್ತರು ಮತ್ತು ಉಪಲೋಕಾಯುಕ್ತರು ದೂರುಗಳ ವಿಚಾರಣೆ ನಡೆಸುವುದು ಒಂದು. ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯಡಿ ಪ್ರಕರಣ ದಾಖಲಿಸುವ ಪೊಲೀಸ್ ವಿಭಾಗ ಇನ್ನೊಂದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತಾಧಿಕಾರಿ, ರಾಜಸ್ವ ನಿರೀಕ್ಷಕರು, ನಗರಸಭೆಯ ಎಂಜಿನಿಯರ್ ಮುಂತಾದವರ ಮೇಲಿನ ದೂರುಗಳು ಸಾಮಾನ್ಯವಾಗಿ ಉಪಲೋಕಾಯುಕ್ತರ ಮುಂದೆ ಹೋಗುತ್ತವೆ. ‘ಎಸಿಬಿಗೆ ಕೊಡುತ್ತೇನೆ’ ಎಂದು ಈಗಲೂ ಹೇಳುವವರಿದ್ದಾರೆ. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದೆ, ಆ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದೆ.

ಲಂಚ ಕೇಳಿದ್ದರೆ ಬೇರೆ ದಾರಿ

ನಿಮ್ಮ ಕೆಲಸ ಇನ್ನೂ ಬಾಕಿಯಿದ್ದು, ಅದಕ್ಕಾಗಿ ಹಣ ಕೇಳಿದ್ದಾರೆ ಎಂದಾದರೆ ಮುಂದೆ ಹೇಳಲಿರುವ ನಮೂನೆ, ಅಫಿಡವಿಟ್ ಯಾವುದೂ ಬೇಕಿಲ್ಲ. ಹಣ ಕೊಡುವ ಮೊದಲೇ ಜಿಲ್ಲಾ ಕೇಂದ್ರದಲ್ಲಿರುವ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಬೇಕು. ಪೊಲೀಸರು ನೋಟುಗಳ ಸಂಖ್ಯೆ ಬರೆದುಕೊಂಡು, ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ಪಂಚರ (ಸಾಕ್ಷಿಗಳ) ಸಮಕ್ಷಮದಲ್ಲಿ ನಿಮ್ಮನ್ನು ಕಳುಹಿಸುತ್ತಾರೆ; ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣವೊಂದೇ ಅಪರಾಧವನ್ನು ಸಾಬೀತುಪಡಿಸುವುದಿಲ್ಲ. ಲಂಚದ ಬೇಡಿಕೆ ಮತ್ತು ಸ್ವೀಕಾರ ಎರಡೂ ರುಜುವಾತಾಗಬೇಕೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಅಧಿಕಾರಿ ಎಷ್ಟು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಆಗ ಯಾರಿದ್ದರು ಎಂಬುದನ್ನು ಮರೆಯುವ ಮುನ್ನ ಬರೆದಿಟ್ಟುಕೊಳ್ಳಿ. ಒತ್ತಾಯಕ್ಕೆ ಮಣಿದು ಹಣ ಕೊಟ್ಟುಬಿಟ್ಟಿದ್ದರೂ 7 ದಿನಗಳೊಳಗೆ ವರದಿ ಮಾಡಿದವರಿಗೆ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ 2018ರ ತಿದ್ದುಪಡಿ ರಕ್ಷಣೆ ನೀಡುತ್ತದೆ. ಆ ಗಡುವು ಮೀರಿದರೆ ಲಂಚ ಕೊಟ್ಟವರೂ ಆರೋಪಿಯಾಗಬಹುದು.

ದೂರು ಯಾವ ಬಗೆಯದು?

ಉಳಿದ ಸಂಗತಿಗಳಿಗೆ ಲೋಕಾಯುಕ್ತ ಕಾಯ್ದೆ ಎರಡು ಬಗೆಯ ದೂರುಗಳನ್ನು ಗುರುತಿಸುತ್ತದೆ. ಆಡಳಿತದ ಲೋಪದಿಂದ ನಿಮಗೆ ಅನ್ಯಾಯ ಅಥವಾ ಅನುಚಿತ ತೊಂದರೆ ಆಗಿದ್ದರೆ ಅದು ಕುಂದುಕೊರತೆ. ನೌಕರರು ಸ್ವಂತ ಲಾಭಕ್ಕೆ, ಪಕ್ಷಪಾತದಿಂದ ಅಥವಾ ದುರುದ್ದೇಶದಿಂದ ಸ್ಥಾನವನ್ನು ದುರುಪಯೋಗ ಮಾಡಿಕೊಂಡಿದ್ದರೆ ಅದು ಆಪಾದನೆ. ಕುಂದುಕೊರತೆಯ ದೂರನ್ನು ತೊಂದರೆಗೊಳಗಾದವರೇ, ವಿಷಯ ತಿಳಿದ 6 ತಿಂಗಳೊಳಗೆ ಕೊಡಬೇಕು. ಆಪಾದನೆಗೆ ಕೃತ್ಯ ನಡೆದ ದಿನದಿಂದ 5 ವರ್ಷಗಳ ಕಾಲಾವಕಾಶವಿದೆ. ಪೋಡಿ (ಜಮೀನನ್ನು ಅಳೆದು ಬೇರ್ಪಡಿಸುವ) ಅರ್ಜಿ ವರ್ಷಗಟ್ಟಲೆ ಕೊಳೆಯುತ್ತಿದೆ ಎಂಬುದು ಮೊದಲ ಬಗೆ. ಪಕ್ಕದವರ ಅರ್ಜಿ ನಿಮ್ಮ ನಂತರ ಬಂದು ನಿಮಗಿಂತ ಮೊದಲು ವಿಲೇವಾರಿಯಾಗಿದೆ, ಅದಕ್ಕೆ ಕಾರಣವೂ ಕಡತದಲ್ಲಿಲ್ಲ ಎಂಬುದು ಎರಡನೆಯ ಬಗೆಯತ್ತ ಸಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ನ್ಯಾಯಾಲಯ ಅಥವಾ ನ್ಯಾಯಮಂಡಳಿಯಲ್ಲಿ ಪರಿಹಾರವಿರುವ ಕುಂದುಕೊರತೆಗಳನ್ನು ಲೋಕಾಯುಕ್ತ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಬೇರೆ ಮೇಲ್ಮನವಿಯ ದಾರಿಯಿದ್ದರೂ ಅಲ್ಲಿಗೆ ಹೋಗಿ ಎನ್ನಬಹುದು. ಅಣ್ಣ ತಮ್ಮಂದಿರ ಭಾಗದ ಜಗಳದಲ್ಲಿ ಒಬ್ಬರ ಹೆಸರಿಗೆ ಖಾತೆಯಾಗಿದೆ ಎಂಬುದು ಹಾಸನ ಅಥವಾ ಸಕಲೇಶಪುರದ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿಯಲ್ಲಿ ಬಗೆಹರಿಯಬೇಕಾದ ವಿಷಯವೇ ಹೊರತು, ಗ್ರಾಮ ಆಡಳಿತಾಧಿಕಾರಿಯ ಮೇಲೆ ದೂರು ಬರೆಯುವ ಕಾರಣವಲ್ಲ. ಸೇವೆ ತಡವಾಗಿದ್ದಷ್ಟೇ ನಿಮ್ಮ ಅಳಲಾಗಿದ್ದರೆ, ಮೊದಲು ಸಕಾಲದ (ಸರ್ಕಾರಿ ಸೇವೆಗಳಿಗೆ ಗಡುವು ವಿಧಿಸುವ ವ್ಯವಸ್ಥೆ) ಸ್ವೀಕೃತಿ ಸಂಖ್ಯೆ ಹಿಡಿದು ಅಲ್ಲಿಯೇ ಮೇಲ್ಮನವಿ ಸಲ್ಲಿಸುವುದು ಒಳ್ಳೆಯದು.

ದಾಖಲೆ ಕೈಗೆ ಬರಲಿ

ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇರುವುದನ್ನು ಮರೆಯಬೇಡಿ. ರಸ್ತೆ, ಚರಂಡಿಯಂತಹ ಕಾಮಗಾರಿಯಾದರೆ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಕೆಲಸದ ಫೋಟೊಗಳನ್ನು ಕೇಳಿ. ಇ-ಸ್ವತ್ತು ಅಥವಾ ಖಾತೆಯಾದರೆ ಅರ್ಜಿಯ ಜೊತೆಗೆ ಕಡತದ ಟಿಪ್ಪಣಿ ಹಾಳೆ. ಟಿಪ್ಪಣಿ ಹಾಳೆಯನ್ನು ಕೇಳದೆ ಕೇವಲ ಅಂತಿಮ ಆದೇಶದ ನಕಲು ಪಡೆದು ಬರುವವರು ಅರ್ಧ ಶ್ರಮವನ್ನು ವ್ಯರ್ಥ ಮಾಡಿದಂತೆ, ಏಕೆಂದರೆ ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು, ಯಾರ ಸಹಿಯಿಂದ ದಿಕ್ಕು ಬದಲಿಸಿತು ಎಂಬುದು ಆ ಹಾಳೆಯಲ್ಲಿಯೇ ಇರುತ್ತದೆ.

ವಿವರಣೆ ಬರೆಯುವುದು

ನೆಪಕ್ಕೆ ಮುಗಿಸಬಾರದ ಹಂತ ಇದೊಂದೇ. ನಮೂನೆ 1ರಲ್ಲಿ, ಅಂದರೆ ಲೋಕಾಯುಕ್ತದ ದೂರಿನ ಅರ್ಜಿಯಲ್ಲಿ, ಹೆಸರು, ವಿಳಾಸದ ಅಂಕಣಗಳನ್ನು ಎಲ್ಲರೂ ಸರಿಯಾಗಿಯೇ ತುಂಬುತ್ತಾರೆ. ದೂರಿನ ವಿವರ ಎಂಬಲ್ಲಿಗೆ ಬಂದಾಗ ಎಡವುತ್ತಾರೆ.

ಎದುರುದಾರರ (ಯಾರ ಮೇಲೆ ದೂರೋ ಅವರ) ಅಂಕಣದಿಂದ ಆರಂಭಿಸೋಣ. ‘ಪಂಚಾಯಿತಿ ಅಧಿಕಾರಿಗಳು’ ಎಂದು ಬರೆದರೆ ಅಲ್ಲಿ ಯಾರೂ ಇಲ್ಲ ಎಂದೇ ಅರ್ಥ. ಕೃತ್ಯ ನಡೆದ ದಿನ ಆ ಹುದ್ದೆಯಲ್ಲಿದ್ದವರ ಹೆಸರು, ಹುದ್ದೆ ಮತ್ತು ಕಚೇರಿ ಬೇಕು. ಅವರು ಅರಸೀಕೆರೆಯಿಂದ ಆಲೂರಿಗೆ ವರ್ಗವಾಗಿ ಹೋಗಿದ್ದರೆ ಈಗಿನ ಕಚೇರಿಯನ್ನೂ ಬರೆಯಿರಿ. ವರ್ಗವಾಗಿ ಬಂದ ಹೊಸಬರ ಹೆಸರನ್ನು ಹಳೆಯ ತಪ್ಪಿಗೆ ಬರೆದಿರುವ ದೂರುಗಳನ್ನು ಕಂಡಿದ್ದೇನೆ. ಆ ಹೊಸಬರು ಒಂದೇ ಸಾಲಿನ ಆಕ್ಷೇಪಣೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಸಿಟ್ಟು ಬಂದವರನ್ನೆಲ್ಲ ಸೇರಿಸುವ ಚಟವೂ ಬೇಡ. ಸಹಿ ಮಾಡಿದವರು, ಅಳತೆ ದಾಖಲಿಸಿದವರು, ಹಣ ಬಿಡುಗಡೆ ಮಾಡಿದವರು, ಇಷ್ಟು ಜನ ಸಾಕು.

ನಂತರ ಸಂಗತಿ. ‘ನಮ್ಮ ಗ್ರಾಮದಲ್ಲಿ ಲಕ್ಷಾಂತರ ರೂಪಾಯಿ ಅವ್ಯವಹಾರ ನಡೆದಿದ್ದು, ತಪ್ಪಿತಸ್ಥರ ಮೇಲೆ ಸೂಕ್ತ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ’ ಎಂಬ ವಾಕ್ಯ ಟೈಪಿಂಗ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಮೊದಲೇ ಕುಳಿತಿರುತ್ತದೆ. ಅದನ್ನು ಅಳಿಸಿಹಾಕಿ. ಅದರ ಬದಲು ಹೀಗೆ ಬರೆಯಿರಿ: ‘ಗ್ರಾಮದ ಶಾಲೆಯಿಂದ ಕೆರೆ ಏರಿಯವರೆಗಿನ ಕಾಂಕ್ರೀಟ್ ರಸ್ತೆಯ ಅಳತೆ ಪುಸ್ತಕದಲ್ಲಿ ಉದ್ದ ಇಷ್ಟು ಮೀಟರ್, ದಪ್ಪ ಇಷ್ಟು ಎಂದು ಇಂತಹ ದಿನಾಂಕದಂದು ಒಂದನೇ ಎದುರುದಾರರು ದಾಖಲಿಸಿದ್ದಾರೆ (ದಾಖಲೆ 3). ಸ್ಥಳದಲ್ಲಿ ರಸ್ತೆಯು ಶಾಲೆಯಿಂದ ಇಷ್ಟು ಮೀಟರ್ ದೂರದ ಮೋರಿಯ ಬಳಿಯೇ ನಿಂತಿದೆ (ದಾಖಲೆ 4, ಫೋಟೊ). ಅಳತೆ ಪುಸ್ತಕದಲ್ಲಿರುವ ಪೂರ್ತಿ ಉದ್ದಕ್ಕೆ ಇಂತಹ ದಿನಾಂಕದಂದು ಎರಡನೇ ಎದುರುದಾರರು ಹಣ ಪಾವತಿಸಿದ್ದಾರೆ (ದಾಖಲೆ 5).’ ಈ ಮೂರು ವಾಕ್ಯಗಳಲ್ಲಿ ಬೈಗುಳವಿಲ್ಲ, ಊಹೆಯಿಲ್ಲ. ಆದರೂ ಇಬ್ಬರೂ ಉತ್ತರ ಹೇಳಲೇಬೇಕಾದ ಸ್ಥಿತಿಗೆ ಬಂದು ನಿಲ್ಲುತ್ತಾರೆ.

ಒಂದು ಪ್ಯಾರಾಕ್ಕೆ ಒಂದೇ ಘಟನೆ, ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ, ಪ್ರತಿ ಘಟನೆಗೂ ದಿನಾಂಕ ಮತ್ತು ದಾಖಲೆಯ ಸಂಖ್ಯೆ ಇರಲಿ. ನೀವೇ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು, ದಾಖಲೆಯಿಂದ ಗೊತ್ತಾದದ್ದು ಯಾವುದು ಎಂದು ಬೇರೆ ಬೇರೆಯಾಗಿ ಹೇಳಬೇಕು, ಏಕೆಂದರೆ ನಾಳೆ ಪ್ರಮಾಣ ಮಾಡಿ ಸಾಕ್ಷಿ ನುಡಿಯುವಾಗ ಎದುರು ಪಕ್ಷದವರು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ. ಒಂದು ದೂರಿನಲ್ಲಿ ರಸ್ತೆ, ನೀರಿನ ಟ್ಯಾಂಕ್, ಬಗರ್‌ಹುಕುಂ, ಬೀದಿದೀಪ ಎಲ್ಲವನ್ನೂ ಕಲಸಬೇಡಿ. ದುರ್ಬಲವಾದ ಒಂದು ಸಂಗತಿ ಗಟ್ಟಿಯಾದ ಮೂರನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಅಧಿಕಾರಿಯ ಜಾತಿ, ಪಕ್ಷ, ಮನೆಯ ವಿಷಯ ಬರೆದರೆ ದೂರು ದ್ವೇಷದ್ದೆಂದು ವಾದಿಸಲು ನೀವೇ ಸಾಮಗ್ರಿ ಒದಗಿಸಿದಂತಾಗುತ್ತದೆ. ಒಟ್ಟಾರೆ ಮೂರು ಪುಟ ಮೀರದಿರಲಿ ಎಂಬುದು ನನ್ನ ಹಟ.

ಮೊಬೈಲ್ ರೆಕಾರ್ಡಿಂಗ್ ಇದ್ದರೆ ಮೂಲ ಫೈಲನ್ನು ಅಳಿಸಬೇಡಿ, ಕತ್ತರಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿಕೊಂಡ ಪ್ರತಿಯನ್ನೇ ಮೂಲವೆಂದು ನಂಬಬೇಡಿ. ಬಸ್ ನಿಲ್ದಾಣದ ಬಳಿ ಸಿಗುವ ಹೆಸರಿಲ್ಲದ ಅಗ್ಗದ ಪೆನ್‌ಡ್ರೈವ್ ಈ ಕೆಲಸಕ್ಕೆ ಲಾಯಕ್ಕಲ್ಲ. ತೆರೆದು ನೋಡುವ ದಿನ ಖಾಲಿ ಕಾಣಿಸಿದರೆ ಯಾರನ್ನೂ ದೂರುವಂತಿಲ್ಲ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುವುದರಿಂದ ರೆಕಾರ್ಡ್ ಮಾಡಿದ ಫೋನನ್ನು ಮಾರದೆ ಇಟ್ಟುಕೊಳ್ಳುವುದು ಜಾಣತನ.

ಅಫಿಡವಿಟ್ ಮತ್ತು ಸಲ್ಲಿಕೆ

ನಮೂನೆ 2 ಅಫಿಡವಿಟ್. ನೋಟರಿಯ ಎದುರಿನಲ್ಲಿಯೇ ಸಹಿ ಮಾಡಿ. ಮುದ್ರೆಯೊತ್ತಿ ಇಟ್ಟ ಖಾಲಿ ಹಾಳೆ ಕೊಡುವವರಿದ್ದಾರೆ, ಅಂಥವರಿಂದ ದೂರವಿರಿ. ಸುಳ್ಳೆಂದು ಗೊತ್ತಿದ್ದೂ ದೂರು ಕೊಟ್ಟವರಿಗೆ ಜೈಲು ಮತ್ತು ದಂಡ ವಿಧಿಸಲು ಲೋಕಾಯುಕ್ತ ಕಾಯ್ದೆಯಲ್ಲಿಯೇ ಅವಕಾಶವಿರುವುದರಿಂದ, ಸಹಿಗೆ ಮುನ್ನ ಪ್ರತಿ ಸಾಲನ್ನೂ ಓದಿಕೊಳ್ಳಿ. ದೂರನ್ನು ಬೆಂಗಳೂರಿನ ಅಂಬೇಡ್ಕರ್ ಬೀದಿಯ ಬಹುಮಹಡಿ ಕಟ್ಟಡದಲ್ಲಿರುವ ಕಚೇರಿಗೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಬಹುದು ಅಥವಾ ಲೋಕಾಯುಕ್ತ ಪೊಲೀಸರು ತಾಲ್ಲೂಕುಗಳಲ್ಲಿ ನಡೆಸುವ ಜನಸಂಪರ್ಕ ಸಭೆಯಲ್ಲಿ ಕೊಡಬಹುದು. ಮಧ್ಯವರ್ತಿಗೆ ಹಣ ಕೊಡುವ ಪ್ರಮೇಯವೇ ಇಲ್ಲ. ಪ್ರತಿ ಕಳುಹಿಸಿದವರ ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡಿ.

ಆಮೇಲೆ ನಡೆಯುವುದು

ದೂರಿನಲ್ಲಿ ಹುರುಳಿದೆ ಎಂದು ಕಂಡರೆ ಅದರ ಪ್ರತಿಯನ್ನು ಎದುರುದಾರರಿಗೆ ಕಳುಹಿಸಿ ಆಕ್ಷೇಪಣೆ ಕೇಳುತ್ತಾರೆ. ಆ ಆಕ್ಷೇಪಣೆ ನಿಮಗೆ ಬಂದಾಗ ಪ್ರತ್ಯುತ್ತರ ಕೊಡುವುದು ನಿಮ್ಮ ಹೊಣೆ. ಪ್ರತ್ಯುತ್ತರದಲ್ಲಿ ಹಳೆಯ ದೂರನ್ನೇ ಮತ್ತೆ ಬರೆಯುವುದು ಬೇಡ. ‘ದೂರುದಾರರಿಗೂ ನಮಗೂ ವೈಯಕ್ತಿಕ ವೈಮನಸ್ಯವಿದೆ’ ಎಂಬುದಕ್ಕೆ ನಾಲ್ಕು ಪುಟ ಉತ್ತರಿಸಿ, ‘ಉಳಿದ ರಸ್ತೆಯನ್ನು ನಂತರ ಪೂರ್ಣಗೊಳಿಸಲಾಗಿದೆ’ ಎಂಬ ಮಾತನ್ನು ಗಮನಿಸದೆ ಬಿಟ್ಟರೆ, ಅವರು ಬಯಸಿದ್ದೂ ಅದೇ. ಯಾವಾಗ ಪೂರ್ಣಗೊಂಡಿತು, ಹಣ ಪಾವತಿಗೆ ಮೊದಲೋ ನಂತರವೋ ಎಂಬುದಕ್ಕೆ ದಾಖಲೆ ಸಮೇತ ಉತ್ತರಿಸಿ. ಕಾಮಗಾರಿಯ ದೂರುಗಳಲ್ಲಿ ಸಂಸ್ಥೆಯ ತಾಂತ್ರಿಕ ವಿಭಾಗದ ಎಂಜಿನಿಯರುಗಳು ಸ್ಥಳ ಪರಿಶೀಲನೆಗೆ ಬರುವುದುಂಟು. ಆ ದಿನ ನೀವು ಹಾಜರಿರಲೇಬೇಕು.

ಆಪಾದನೆ ಮೇಲ್ನೋಟಕ್ಕೆ ರುಜುವಾತಾದರೆ ಲೋಕಾಯುಕ್ತ ಕಾಯ್ದೆಯ 12(3)ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ (ಕ್ರಮ ಕೈಗೊಳ್ಳುವ ಅಧಿಕಾರವಿರುವವರಿಗೆ) ವರದಿ ಹೋಗುತ್ತದೆ, ಕೈಗೊಂಡ ಕ್ರಮವನ್ನು ಆ ಪ್ರಾಧಿಕಾರ 3 ತಿಂಗಳೊಳಗೆ ತಿಳಿಸಬೇಕು. ಹೆಚ್ಚಿನ ಪ್ರಕರಣಗಳಲ್ಲಿ ಸರ್ಕಾರವು ತನ್ನ ನೌಕರರ 1957ರ ಶಿಸ್ತು ನಿಯಮಗಳ 14-ಎ ಅನ್ವಯ ಇಲಾಖಾ ವಿಚಾರಣೆಯನ್ನು ಉಪಲೋಕಾಯುಕ್ತರಿಗೇ ವಹಿಸುತ್ತದೆ. ಶಿಕ್ಷೆಯ ಅಂತಿಮ ಆದೇಶ ಹೊರಡಿಸುವುದು ಸರ್ಕಾರವೇ ಹೊರತು ಲೋಕಾಯುಕ್ತವಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಈ ವಿಚಾರಣೆಗೆ ಬಹಳ ಕಾಲ ಹಿಡಿಯಬಹುದು, ಅಷ್ಟರಲ್ಲಿ ದೂರುದಾರರು ಮನೆ ಬದಲಿಸಿರುತ್ತಾರೆ, ಸಾಕ್ಷಿ ಸಮನ್ಸ್ ಹಳೆಯ ವಿಳಾಸದಿಂದ ಹಿಂದಿರುಗುತ್ತದೆ, ಇಲಾಖೆಯ ಪರ ವಾದ ಮಂಡಿಸುವ ಮಂಡನಾಧಿಕಾರಿಯ ಬಳಿ ಕಾಗದಗಳಿದ್ದರೂ ಅವುಗಳನ್ನು ಗುರುತಿಸಿ ಹೇಳುವವರು ಇರುವುದಿಲ್ಲ. ವಿಳಾಸ ಅಥವಾ ಫೋನ್ ಸಂಖ್ಯೆ ಬದಲಾದ ವಾರದಲ್ಲಿಯೇ ದೂರಿನ ಸಂಖ್ಯೆ ನಮೂದಿಸಿ ಕಚೇರಿಗೆ ಪತ್ರ ಬರೆಯಿರಿ, ಅದರ ಅಂಚೆ ರಸೀದಿಯನ್ನು ದೂರಿನ ಪ್ರತಿಯ ಜೊತೆಯಲ್ಲಿಯೇ ಪಿನ್ ಮಾಡಿ ಇಟ್ಟುಕೊಳ್ಳಿ.