ಇಸವಿ ಬೀಳದ ಟಂಕಕ್ಕೆ ಇಸವಿ ಹುಡುಕಿದ್ದು

"ಕೈಲೆ ಕೊರದ ಅಚ್ಚದ ತಮ್ಮಾ, ಒಂದರಂಗ ಇನ್ನೊಂದು ಇರಂಗಿಲ್ಲ. ಏನ್ ಹೊಂದಸ್ತಿ?"

ಕಲಬುರಗಿಯಿಂದ ಆಳಿದ ಸುಲ್ತಾನ ಫಿರೋಜ್ ಷಾ ಬಹಮನಿಯ ಬೆಳ್ಳಿ ನಾಣ್ಯಗಳನ್ನು, ಅಂದರೆ ಟಂಕಗಳನ್ನು, ಯಾವ ಅಚ್ಚಿನಿಂದ (ನಾಣ್ಯ ಹೊಡೆಯೋ ಮುದ್ರೆ) ಹೊಡೆದವು ಅಂತ ನೋಡಿ ವಿಂಗಡಿಸ್ತೀನಿ ಅಂದಾಗ ನಮ್ಮೂರಿನ ಹಿರಿಯ ಸಂಗ್ರಾಹಕರೊಬ್ಬರು ಹೇಳಿದ ಮಾತಿದು. ಮೂರು ವರ್ಷ ಆಯ್ತು. ಒಂದರ ಹಾಗೆ ಇನ್ನೊಂದು ಇರಲ್ಲ ಅನ್ನೋದೇ ನನಗೆ ಕೆಲಸಕ್ಕೆ ಬಂತು. ಎರಡು ನಾಣ್ಯದಲ್ಲಿ ಅಕ್ಷರ ಕೂದಲೆಳೆಯಷ್ಟೂ ಬದಲಾಗದೆ ಹೊಂದಿದರೆ, ಅವೆರಡೂ ಒಂದೇ ಅಚ್ಚಿನಿಂದ ಬಂದವು.

ಕಷ್ಟ ಏನು ಅಂದರೆ, ನಾಣ್ಯದ ನಡುವಿನ ಚೌಕದೊಳಗಿನ ಸುಲ್ತಾನನ ಹೆಸರು ಚೆನ್ನಾಗೇ ಬಿದ್ದಿರುತ್ತದೆ. ಟಂಕಸಾಲೆಯ ಊರು ಅಹ್ಸನಾಬಾದ್, ಅಂದರೆ ನಮ್ಮ ಕಲಬುರಗಿ, ಮತ್ತೆ ಇಸ್ಲಾಮಿ ಪಂಚಾಂಗದ ಹಿಜರಿ ವರ್ಷ ಇರೋದು ಅಂಚಿನಲ್ಲಿ. ಅಚ್ಚು ದೊಡ್ಡದು, ಅದು ಬೀಳೋ ಬೆಳ್ಳಿ ಬಿಲ್ಲೆ ಸಣ್ಣದು, ಅಂಚು ಹೊರಗೇ ಹೋಗಿರುತ್ತದೆ. ಆದರೆ ಒಂದರಲ್ಲಿ ಬೀಳದ ಇಸವಿ ಅದೇ ಅಚ್ಚಿನ ಇನ್ನೊಂದರಲ್ಲಿ ಬಿದ್ದಿರಬಹುದು. ಇಂಥವನ್ನು ಯಾರೂ ಕೇಳಲ್ಲ. ನಾನು ಒಂದಕ್ಕೆ ಎರಡು, ಎರಡೂವರೆ ಸಾವಿರದಂತೆ ಸುಮಾರು ಮೂವತ್ತೈದು ತಗೊಂಡೆ. ಆರೇಳನ್ನು ಪತ್ತಾರರ ಮೂಸೆಗೆ ಹೋಗುವ ಮೊದಲೇ ಬಿಡಿಸಿಕೊಂಡೆ. ಹಿಂದಿನ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಷಾನ ಕಾಲದಲ್ಲೂ ಶರಾಫರು, ಅಂದರೆ ಹಣ ವಿನಿಮಯದವರು, ಬಹಮನಿ ನಾಣ್ಯ ಕರಗಿಸ್ತಿದ್ದರು, ಅವನು ಅವರನ್ನು ಕೊಲ್ಲಿಸಿದ ಅಂತ ಚರಿತ್ರೆಕಾರ ಫೆರಿಶ್ತಾ ಬರೆದಿದ್ದಾನೆ. ಇವತ್ತಿಗೂ ಅದೇ ಬೆಂಕಿ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲ ವರ್ಷ ಪೂರಾ ದಂಡ ಆಯ್ತು. ಎಲ್ಲಾ ಫೋಟೋಗಳನ್ನೂ ಒಂದೇ ಅಳತೆಗೆ ಹಿಗ್ಗಿಸಿ ಪಾರದರ್ಶಕ ಹಾಳೆ ಮೇಲೆ ಗೆರೆ ಎಳೆದು ಒಂದರ ಮೇಲೊಂದು ಇಟ್ಟೆ. ಒಂದೂ ಕೂಡಲಿಲ್ಲ. ಬಿಲ್ಲೆಗಳು ಒಂದೊಂದೂ ಒಂದೊಂದು ಅಗಲ, ಹಿಗ್ಗಿಸಿದ್ದೇ ತಪ್ಪು ಅಂತ ಹೊಳೆಯೋಕೆ ಎಂಟು ತಿಂಗಳು ಹಿಡೀತು. ಆಮೇಲೆ ಅಳತೆ ಬಿಟ್ಟು ಕೋನ ಹಿಡಿದೆ. ಅಲಿಫ್ ಅನ್ನೋ ಅರಬ್ಬಿ ಅಕ್ಷರದ ತಲೆಯಿಂದ ಚೌಕದ ಮೂಲೆಗೆ ಒಂದು ಗೆರೆ, ಇನ್ನೆರಡು ಬಿಂದುಗಳಿಗೆ ಇನ್ನೆರಡು ಗೆರೆ. ಆ ಎರಡು ಬಿಂದು ಯಾವುವು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇದಾದರೆ ಹರಾಜು ಪಟ್ಟಿಯ ಸಣ್ಣ ಫೋಟೋದಲ್ಲೂ ನಡೆಯುತ್ತದೆ. ಹಾಗೆ ನೂರಿಪ್ಪತ್ತರಷ್ಟು ಫೋಟೋ ಕೂಡಿಸಿದೆ.

ಬೆಳ್ಳಿಯ ಹೊಳಪು ಕ್ಯಾಮೆರಾಗೆ ಹೊಡೀತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದ ಎರಡು ನಾಣ್ಯ ಪಾತ್ರೆಯ ಹಾಗೆ ಬೆಳ್ಳಗಾಗಿ ಹಾಳಾದವು, ಐದು ಸಾವಿರ ಹೋಯ್ತು. ಕೊನೆಗೆ ಗೆದ್ದಿದ್ದು ಕರ್ಪೂರದ ಹೊಗೆ. ತೆಳ್ಳಗೆ ಮಸಿ ಹಿಡಿಸಿ, ಪಕ್ಕದಿಂದ ಬೆಳಕು ಬಿಟ್ಟರೆ ಸವೆದ ಚುಕ್ಕೆಯೂ ಎದ್ದು ಕಾಣುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆದರಾಯ್ತು.

ನಡುವೆ ನಕಲಿ ಪತ್ತೆಗೆ ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಲ್ಲಿ ತೂಗುವ ಗೀಳೂ ಹತ್ತಿತು. ಒಳ್ಳೆ ಬೆಳ್ಳಿ ಸಾಂದ್ರತೆ 10.5ರ ಹತ್ತಿರ ಬರಬೇಕು. ನಾಲ್ಕೂವರೆ ಸಾವಿರ ಕೊಟ್ಟ ಒಂದು ಟಂಕ, ತೂಕ ಹತ್ತಿರ ಹತ್ತಿರ 11 ಗ್ರಾಂ ಸರಿಯಾಗೇ ಇತ್ತು, ಸಾಂದ್ರತೆ ಮಾತ್ರ 8.8 ಬಂತು. ಎರಕದ ನಕಲಿ. ಮಾರಿದವರು ಫೋನೇ ಎತ್ತಲಿಲ್ಲ.

ಸಿಕ್ಕಿದ್ದು ಹೋದ ಶ್ರಾವಣದಲ್ಲಿ. ನನ್ನದೊಂದು ನಾಣ್ಯದಲ್ಲಿ ಚೌಕದ ಎಡ ಮೂಲೆಯಿಂದ ಕೂದಲಿನಂಥ ಒಂದು ಬಿರುಕು ಹೊರಗೆ ಹೊರಟಿದೆ. ಹರಾಜಿನ ಫೋಟೋ ಒಂದರಲ್ಲೂ ಅದೇ ಬಿರುಕು, ಆದರೆ ಅರ್ಧದಷ್ಟೇ ಉದ್ದ. ಅಂದರೆ ಅಚ್ಚು ಅದೇ; ಅಚ್ಚಿನ ಬಿರುಕು ಹೊಡೆದಂತೆಲ್ಲ ಉದ್ದ ಆಗುತ್ತದೆ, ಹಾಗಾಗಿ ಹರಾಜಿನದು ಮೊದಲು ಹೊಡೆದದ್ದು, ನನ್ನದು ಆಮೇಲಿನದು. ಹರಾಜಿನದರ ಅಂಚಿನಲ್ಲಿ ತಲೆಕೆಳಗಾದ ಇಂಗ್ಲಿಷ್ ವಿ ಥರದ ಅರಬ್ಬಿ ಎಂಟು, ಪಕ್ಕದಲ್ಲಿ ಒಂದು, ಅಲ್ಲಿಗೆ ಬಿಲ್ಲೆ ಮುಗೀತು. ಕೊನೆ ಅಂಕಿ ಮೂರನೆಯ ನಾಣ್ಯದಲ್ಲಿತ್ತು. ಅದರಲ್ಲಿ ಬಿರುಕೇ ಇನ್ನೂ ಹುಟ್ಟಿಲ್ಲ, ಕೋನಗಳು ಮಾತ್ರ ಮೂರೂ ಕೂಡಿದವು. ರಾತ್ರಿ ಎರಡು ಗಂಟೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಆ ಅಂಕಿ ಎರಡೋ ಮೂರೋ ಅನ್ನೋ ಜಗಳ ಬರಬಾರದು ಅಂತ ಇನ್ನೊಂದು ನಾಣ್ಯ ಸಿಗೋವರೆಗೂ ಹೊರಗೆ ಹೇಳಲ್ಲ.

ಇಲ್ಲಿಯವರೆಗೆ ಮೂವತ್ತೈದರಲ್ಲಿ ಹನ್ನೊಂದಕ್ಕೆ ಇಸವಿ ಸಿಕ್ಕಿದೆ. ಖರ್ಚು ಎಲ್ಲಾ ಸೇರಿ ಒಂದು ಲಕ್ಷದ ಮೇಲೆ ಹೋಗಿದೆ. ಆ ಹಿರಿಯರು ಹೋದ ವಾರ ಡಬ್ಬಿ ಹಿಡ್ಕೊಂಡು ಮನೆಗೆ ಬಂದಿದ್ದರು. ಒಳಗೆ ಆರು ಟಂಕ, ಒಂದಕ್ಕೂ ಅಂಚಿಲ್ಲ. ಎರಡನ್ನು ಆಗಲೇ ಮಸಿ ಹಿಡಿಸಿ ಇಟ್ಟಿದ್ದೇನೆ.